ಮದಲ ಬಚ್ಚಲ ನೋಡು, ಮಗಳ

ಹಳೇ ಹುಬ್ಬಳ್ಳಿ

ಚಿನ್ನಿ,

ನಿನ್ನ ನೌಕರಿ ಆರ್ಡರ್ ಬಂತಂತ ನಿಮ್ಮವ್ವ ಓಣಿ ತುಂಬ ಪೇಢೆ ಹಂಚಿದ್ಲು. ಬ್ಯಾಟರಿ ಫ್ಯಾಕ್ಟರಿಯಾಗ ಸೇಫ್ಟಿ ಆಫೀಸರ್ ಅಂದಕೂಡ್ಲೆ ನಾ ಮಾತ್ರ ಸುಮ್ಮನಾದೆ. ಸಿಟ್ಟಲ್ಲವಾ. ಫೋನಿನ್ಯಾಗ ಹೇಳಾಕ ಬರಲಿಲ್ಲ, ಅದಕ್ಕ ಬರೀತೀನಿ.

ತಾರಿಹಾಳದ ಕಡೆ ಹಳೆ ಬ್ಯಾಟರಿ ಒಡದು ಸೀಸ ಕರಗಸೋ ಶೆಡ್ಡಿನ್ಯಾಗ ಒಂಬತ್ತು ವರ್ಷ ದುಡದೆ. ಮಾಲಕರು ದಿನಾ ಮಧ್ಯಾಹ್ನ ಒಂದು ತುಂಡು ಬೆಲ್ಲ, ಎರಡು ಬಾಳೆಹಣ್ಣು ಕೊಡತಿದ್ರು, ‘ಧೂಳಿ ಇಳಿತೈತಿ’ ಅಂತ. ಎಷ್ಟು ಛಲೋ ಮನಶ್ಯಾ ಅಂತಿದ್ವಿ. ಸೀಸದ ಧೂಳಿ ಮೆತ್ತಿದ ಬೆರಳಿಂದನ ಆ ಬೆಲ್ಲ ಮುರದು ಬಾಯಿಗೆ ಹಾಕ್ಕೋತಿದ್ವಿ. ಹೊಗಿ ಎಳಿಯೋ ಫ್ಯಾನಿಗಿಂತ ಬೆಲ್ಲ ಸೋವಿ, ಅಷ್ಟ.

ಹೊಟ್ಟಿ ಮುರೀತಿತ್ತು, ಗ್ಯಾಸ್ ಅಂತ ಸೋಡಾ ಕುಡದೆ. ಮುಂದ ಬಲಗೈ ಮಣಿಕಟ್ಟು ಜೋತು ಬಿತ್ತು, ಚಾ ಕಪ್ ಎತ್ತಾಕ ಬರಲಿಲ್ಲ. ಡಾಕ್ಟರು ಕೆಳತುಟಿ ಮಡಚಿ ನೋಡಿ, ‘ಏನ್ ಕೆಲಸಪಾ ನಿಂದು?’ ಅಂದ್ರು. ಹಲ್ಲಿನ ಬುಡಕ್ಕ ಒಸಡಿನ ಮ್ಯಾಲೆ ನೀಲಿ ಗೆರಿ, ಪೆನ್ನಿಲೆ ಎಳದಂಗ. ಮೈಯಾಗ ಸೀಸ ಸೇರಿದ ಗುರುತದು. ಅವರು ಬರದ ರಕ್ತದ ಟೆಸ್ಟಿನ್ಯಾಗ ನಂದು ಸೀಸ 71 ಬಂತು, ಒಂದು ಡೆಸಿಲೀಟರ್ ರಕ್ತಕ್ಕ 71 ಮೈಕ್ರೊಗ್ರಾಂ. 5 ಮುಟ್ಟಿದ್ರ ಸಾಕು, ಎಲ್ಲಿಂದ ಬಂತು ಹುಡುಕ್ರಿ ಅಂತೈತಿ ವಿಶ್ವ ಆರೋಗ್ಯ ಸಂಸ್ಥೆ.

ಶೆಡ್ಡಿನ್ಯಾಗೂ ವರ್ಷಕ್ಕೊಮ್ಮೆ ರಕ್ತ ತಗೀತಿದ್ರು. ಕಾಗದ ಕೇಳಿದ್ರ ‘ನಾರ್ಮಲ್ ಐತಿ, ಹೋಗು’. ಫ್ಯಾಕ್ಟರಿ ಕಾಯ್ದೆಗೆ 1987ರಾಗನ 41-ಸಿ ಅಂತ ಕಲಮು ಸೇರಿಸಿದ್ರಂತ: ವಿಷದ ಕೆಲಸ ಮಾಡಾವ್ರ ಆರೋಗ್ಯದ ದಾಖಲೆ ಮಾಲಕ ಇಡಬೇಕಿತ್ತು, ಅದು ಕೆಲಸಗಾರಗ ನೋಡಾಕ ಸಿಗಬೇಕಿತ್ತು. ನಮಗ ಯಾರು ಹೇಳಬೇಕಿತ್ತು?

ನಂದಿರಲಿ. ಅಲ್ಲಿ ಬಚ್ಚಲ ಇರಲಿಲ್ಲ. ಅದ ಅಂಗಿ ಮ್ಯಾಲೆ ಮನಿಗೆ ಬರ್ತಿದ್ದೆ. ಗಾಡಿ ಸಪ್ಪಳ ಕೇಳಿ ನೀ ಓಡಿಬಂದು ಕಾಲಿಗೆ ತೆಕ್ಕಿ ಬೀಳ್ತಿದ್ದಿ, ಪ್ಯಾಂಟಿಗೆ ಮುಖ ಒತ್ತಿ. ಸಣ್ಣ ಹುಡುಗರ ಮೈ ದೊಡ್ಡವರಗಿಂತ ನಾಕೈದು ಪಟ್ಟು ಹೆಚ್ಚು ಸೀಸ ಹೀರ್ಕೋತೈತಂತ, ಅದು ಮಿದುಳಿಗೆ ಹತ್ತಿ ಕಲಿಯೂದು ತ್ರಾಸಾಗ್ತೈತಂತ. ಮೂರನೇತ್ತಾದಾಗ ಮಗ್ಗಿ ಬರಲಿಲ್ಲಂತ ನಿನ್ನ ಹೊಡದಿದ್ದೆ. ಅದು ಈಗೂ ರಾತ್ರಿ ನೆನಪಾಗ್ತೈತಿ.

ಎಲುಬಿನ್ಯಾಗ ಕುಂತ ಸೀಸ ವರ್ಷಗಟ್ಟಲೆ ಹೋಗಂಗಿಲ್ಲ, ಬಸುರಿದ್ದಾಗ ಮತ್ತ ರಕ್ತಕ್ಕ ಇಳಿತೈತಿ. ಅದಕ್ಕ ಕೆಲಸಕ್ಕ ಸೇರೂ ಮದಲ ನಿನ್ನ ರಕ್ತ ತಪಾಸ ಮಾಡಿಸು, ನಂಬರ್ ಬರದಿಟ್ಕೊ.

ಅಲ್ಲಿ ಹೋದಮ್ಯಾಲೆ ಆಫೀಸು, ಕ್ಯಾಂಟೀನು ಆಮ್ಯಾಲೆ. ಮದಲ ಬಚ್ಚಲ ನೋಡು. ಬಿಸಿನೀರು ಬರ್ತೈತೇನು, ಹೊಲಸ ಬಟ್ಟಿ ಇಡಾಕ ಬ್ಯಾರೆ ಕಪಾಟ ಐತೇನು, ಅದನ್ನ ಕಂಪನಿನ ತೊಳಸ್ತೈತೇನು. ‘ಮಾಸ್ಕ್ ಕೊಟ್ಟೀವಿ, ಅವರ ಹಾಕ್ಕೊಳ್ಳಂಗಿಲ್ಲ’ ಅಂತ ಮ್ಯಾನೇಜರ್ ಅಂದ್ರ, ಅದ ಮಾಸ್ಕ್ ಹಾಕ್ಕೊಂಡು ಭಟ್ಟಿ ಮುಂದ ನೀನ ಒಂದು ತಾಸು ನಿಂದ್ರು. ಹಳೆ ಬ್ಯಾಟರಿ ಎಲ್ಲಿ ಹೋಗ್ತಾವ ಅಂತನೂ ಕೇಳು. 2022ರ ನಿಯಮದಾಗ ಮಾರಿದ ಕಂಪನಿನ ಅವನ್ನ ವಾಪಸ್ ತರಸಿ ರಿಸೈಕಲ್ ಮಾಡಸಬೇಕಂತ ಐತಿ. ನಮ್ಮ ಶೆಡ್ಡಿಗೆ ಬರ್ತಿದ್ದುವೆಲ್ಲ ದೊಡ್ಡ ದೊಡ್ಡ ಹೆಸರಿನ ಬ್ಯಾಟರಿನ.

ಕೆಲಸಗಾರರ ರಕ್ತದ ರಿಪೋರ್ಟ್ ಬಂದ ದಿನ ಒಬ್ಬೊಬ್ಬರನ್ನ ಕರದು, ಅವರವರ ನಂಬರ್ ಕಾಗದದ ಮ್ಯಾಲೆ ಬರದು ಅವರ ಕೈಯಾಗ ಕೊಡು. ಕನ್ನಡ ಬರಾವ್ರಿಗೆ ಕನ್ನಡದಾಗ.

ಪೇಢೆ ಒಂದು ಡಬ್ಬಿ ತಗದಿಟ್ಟೇವಿ. ರವಿವಾರ ಬಾ.

ನಿಮ್ಮಪ್ಪ