ಮೂರನೇ ಮಾನಿಟರಿಗೆ ಡಿಸ್‌ಪ್ಲೇ ಬರಲಿಲ್ಲ: ರೂ. 3,670 ವಾಪಸ್ ಕೊಡುವ ಬಗ್ಗೆ ದೂರು

ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ
ದಿನಾಂಕ: 02-06-2025

ಇವರಿಗೆ,
ಕುಂದುಕೊರತೆ ನಿವಾರಣಾ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ತಪ್ಪು ಮಾಹಿತಿ ಕೊಟ್ಟು ಮಾರಿದ ಡಿವಿಐ–ವಿಜಿಎ ಕನ್ವರ್ಟರ್ ಮತ್ತು ಯುಎಸ್‌ಬಿ–ವಿಜಿಎ ಅಡಾಪ್ಟರ್ ಹಿಂದಕ್ಕೆ ಪಡೆದು ಹಣ ಮರಳಿಸುವ ಬಗ್ಗೆ.

ನಾನು ಮನೆಯಲ್ಲೇ ಡಿಟಿಪಿ ಕೆಲಸ ಮಾಡುವವಳು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಯಕ್ಷಗಾನದ ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ಹೀಗೆ ಹದಿನೇಳು ವರ್ಷದಿಂದ ಇದೇ ನನ್ನ ದುಡಿಮೆ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ತಮ್ಮ ಕಂಪನಿಯಿಂದ ಮಾನಿಟರ್ ಜೋಡಿಸುವ ಎರಡು ಸಾಮಾನು ತರಿಸಿಕೊಂಡೆ. ಕೊಳ್ಳುವ ಮೊದಲೇ ನನ್ನ ಕಂಪ್ಯೂಟರಿನ ವಿವರವನ್ನೆಲ್ಲ ಹೇಳಿ, ಕೇಳಿ, ತಮ್ಮವರು "ಆಗುತ್ತದೆ" ಎಂದ ಮೇಲೆಯೇ ದುಡ್ಡು ಕಟ್ಟಿದ್ದೆ. ಆಗಲಿಲ್ಲ.

ಮೂರನೇ ಮಾನಿಟರ್ ಯಾಕೆ ಬೇಕಿತ್ತು ಎಂಬುದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಫೋನಿನಲ್ಲಿ ತಮ್ಮವರೊಬ್ಬರು ಮನೆ ಕಂಪ್ಯೂಟರಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಿದ್ದರು. ನನ್ನ ಒಂದು ಮಾನಿಟರಿನಲ್ಲಿ ಗಿರಾಕಿ ಬರೆದು ಕೊಟ್ಟ ಹಸ್ತಪ್ರತಿಯ ಸ್ಕ್ಯಾನ್ ಇರುತ್ತದೆ, ಇನ್ನೊಂದರಲ್ಲಿ ಪುಟ ಕಟ್ಟುತ್ತೇನೆ. ಮೂರನೆಯದು ಮೇಜಿನ ಆಚೆ ಕೂತ ಗಿರಾಕಿಗೆ. ಲಗ್ನಪತ್ರಿಕೆ ಮಾಡಿಸಲು ಯಾರೂ ಒಬ್ಬರೇ ಬರುವುದಿಲ್ಲ. ಹುಡುಗಿಯ ಅಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ನನ್ನ ಬೆನ್ನ ಹಿಂದೆ ನಿಂತು ಕತ್ತು ಚಾಚಿ ಓದಬೇಕು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಹದಿನೆಂಟು ಹೆಸರಿರುತ್ತವೆ. ಕಳೆದ ವರ್ಷ ಒಂದು ಮನೆಯ ಪತ್ರಿಕೆಯಲ್ಲಿ ಹುಡುಗನ ಅಜ್ಜಿಯ ಹೆಸರೇ ಬಿಟ್ಟುಹೋಯಿತು. ಮುದ್ರಣವಾಗಿ ಬಂದ ಮೇಲೆ ಆ ಅಜ್ಜಿ ಕಾರ್ಡನ್ನು ಕೈಯಲ್ಲಿ ಹಿಡಿದು ಏನೂ ಮಾತಾಡದೆ ಕೂತಿದ್ದನ್ನು ನಾನು ನೋಡಿದ್ದೇನೆ. 350 ಕಾರ್ಡನ್ನು ನನ್ನ ಕೈಯಿಂದಲೇ ಮತ್ತೆ ಹಾಕಿಸಿಕೊಟ್ಟೆ. ಆ ಖರ್ಚನ್ನು ತಮ್ಮಲ್ಲಿ ಕೇಳುತ್ತಿಲ್ಲ, ಅದು ನನ್ನ ತಪ್ಪು. ಓದಿ ತಿದ್ದುವವರ ಮುಖದೆದುರಿಗೇ ಒಂದು ಪರದೆ ಇಡಬೇಕು ಎಂದು ತೀರ್ಮಾನಿಸಿದ್ದು ಅವತ್ತು.

ನನ್ನ ಕಂಪ್ಯೂಟರ್ 2014ರಲ್ಲಿ ಶಿವಮೊಗ್ಗದಲ್ಲಿ ಜೋಡಿಸಿಕೊಂಡದ್ದು. ಇಂಟೆಲ್ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡ್ (ಚಿಪ್‌ಸೆಟ್ ಎಂದರೆ ಬೋರ್ಡಿನ ಕೆಲಸ ನಿಯಂತ್ರಿಸುವ ಚಿಪ್), 8 ಜಿಬಿ ರ‍್ಯಾಮ್. ಹಿಂದುಗಡೆ ವಿಜಿಎ, ಡಿವಿಐ, ಎಚ್‌ಡಿಎಂಐ ಈ ಮೂರೂ ಬಗೆಯ ಮಾನಿಟರ್ ಪೋರ್ಟ್ ಇವೆ. ವಿಜಿಎಗೆ ಹಳೆಯ 18.5 ಇಂಚಿನದು, ಎಚ್‌ಡಿಎಂಐಗೆ 22 ಇಂಚಿನದು ಹಾಕಿದ್ದೆ. ಡಿವಿಐ ಖಾಲಿ ಇತ್ತು. ಅಣ್ಣನ ಅಂಗಡಿ ಮುಚ್ಚಿದಾಗ ಸಿಕ್ಕಿದ 17 ಇಂಚಿನ ಚೌಕದ ಮಾನಿಟರಿಗೆ ವಿಜಿಎ ಒಂದೇ ಇದ್ದದ್ದು. ನನ್ನ ಬೋರ್ಡಿನ ಡಿವಿಐ ಪೋರ್ಟಿನಲ್ಲಿ ಚಪ್ಪಟೆ ಸೀಳಿನ ಸುತ್ತ ಇರಬೇಕಾದ ನಾಲ್ಕು ಸಣ್ಣ ತೂತು ಇಲ್ಲ. ಅಂದರೆ ಅದು ಡಿವಿಐ–ಡಿ, ಬರೀ ಡಿಜಿಟಲ್; ವಿಜಿಎ ಹಳೆಯ ಅನಲಾಗ್ ಬಗೆಯದು. ಸಾದಾ ಪಿನ್ ಬದಲಿಸುವ ಕನೆಕ್ಟರ್ ಹಾಕಿದರೆ ವಿಜಿಎ ಬರುವುದಿಲ್ಲ, ಒಳಗೆ ಚಿಪ್ ಇರುವ ಕನ್ವರ್ಟರೇ ಬೇಕು. ಇದು ಗೊತ್ತಿದ್ದೇ ತಮಗೆ ಫೋನ್ ಮಾಡಿದೆ.

ಮಾರ್ಚ್ 22ರಂದು ತಮ್ಮ ಸಹಾಯವಾಣಿಗೆ ಬೋರ್ಡಿನ ಹೆಸರು, ಚಿಪ್‌ಸೆಟ್, ಮೂರು ಪೋರ್ಟ್ ಎಲ್ಲ ಹೇಳಿ ಒಂದೇ ಪ್ರಶ್ನೆ ಕೇಳಿದೆ: ಮೂರರಲ್ಲೂ ಒಟ್ಟಿಗೆ ಬೇರೆ ಬೇರೆ ಡಿಸ್‌ಪ್ಲೇ ಬರುತ್ತದೆಯೇ? "ಮೂರು ಪೋರ್ಟ್ ಇದೆ ಅಂದಮೇಲೆ ಮೂರೂ ಬರುತ್ತೆ ಮೇಡಂ" ಎಂದರು. ರೂ. 1,180 ಕೊಟ್ಟು ಕನ್ವರ್ಟರ್ ತರಿಸಿದೆ. 27ಕ್ಕೆ ಬಂತು. ಹಾಕಿ ನೋಡಿದರೆ ವಿಂಡೋಸ್ ಮೂರೂ ಮಾನಿಟರನ್ನು ಗುರುತಿಸುತ್ತದೆ, ಆದರೆ ಮೂರನೆಯದನ್ನು ವಿಸ್ತರಿಸಲು ಹೋದರೆ ಸೆಟ್ಟಿಂಗ್ ಉಳಿಸಲಾಗದು ಎನ್ನುತ್ತದೆ. ಎಚ್‌ಡಿಎಂಐ ಕಿತ್ತರೆ ಚೌಕದ ಮಾನಿಟರಿಗೆ ಸ್ವಚ್ಛವಾಗಿ ಬರುತ್ತದೆ. ಮತ್ತೆ ಸಿಕ್ಕಿಸಿದರೆ ಯಾವುದಾದರೂ ಒಂದು ಕಪ್ಪು. ಅಂದರೆ ತಮ್ಮ ಕನ್ವರ್ಟರ್ ಕೆಟ್ಟದ್ದಲ್ಲ. ತಮ್ಮವರು ಕೊಟ್ಟ ಉತ್ತರ ತಪ್ಪು.

28ರಂದೇ ದೂರು ದಾಖಲಿಸಿದೆ. ತಮ್ಮ ನಿಯಮದ ಪ್ರಕಾರ ವಾಪಸ್ ಕೊಡಲು 10 ದಿನ. ಏಪ್ರಿಲ್ 3ಕ್ಕೆ ಒಬ್ಬರು ಫೋನ್ ಮಾಡಿ ಡ್ರೈವರ್ (ಸಾಮಾನನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ) ಅಪ್‌ಡೇಟ್ ಮಾಡಿ, ಎರಡು ದಿನ ನೋಡಿ ಎಂದರು. ಮಾಡಿದೆ, ನೋಡಿದೆ. 8ಕ್ಕೆ ಇನ್ನೊಬ್ಬರು ಮಾಡಿದರು. ಎಚ್‌ಡಿಎಂಐ ಕಿತ್ತಾಗ ಏನಾಗುತ್ತದೆ ಎಂದು ನಾನು ವಿವರಿಸುತ್ತಿರುವಾಗಲೇ ಅವರು, "ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಫೋನ್ ಕೊಡಿ" ಎಂದರು. ಈ ಮಾತು ನನಗೆ ತುಂಬ ನೋವು ಮಾಡಿತು. ಈ ಕಂಪ್ಯೂಟರಿನ ಎಸ್‌ಎಸ್‌ಡಿ ಹಾಕಿದವಳು ನಾನು, ರ‍್ಯಾಮ್ ಹಾಕಿದವಳು ನಾನು. ನಮ್ಮ ಮನೆಯವರಿಗೆ ತೋಟದ ಕೆಲಸ ಗೊತ್ತು, ಇದು ಗೊತ್ತಿಲ್ಲ. ಅದೇ ಕರೆಯ ಕೊನೆಗೆ ವಾಪಸಾತಿಯ ಅವಧಿ ಮುಗಿದಿದೆ ಎಂದೂ ತಿಳಿಸಿದರು. ಅವಧಿ ಮುಗಿದದ್ದು ತಮ್ಮವರು ಕಾಯಿಸಿದ್ದರಿಂದ. ಆ ದಿನಗಳನ್ನು ನನ್ನ ಲೆಕ್ಕಕ್ಕೆ ಹಾಕುವುದು ಯಾವ ನ್ಯಾಯ?

ಅದರ ಬದಲು ರೂ. 2,490ರ ಯುಎಸ್‌ಬಿ ಅಡಾಪ್ಟರ್ ತೆಗೆದುಕೊಳ್ಳಿ, "ಯಾವ ಕಂಪ್ಯೂಟರಿಗೂ ಆಗುತ್ತೆ, ಡ್ರೈವರೂ ಬೇಡ" ಎಂದರು. ತಮ್ಮ ಜಾಹೀರಾತಿನಲ್ಲೂ ಹಾಗೆಯೇ ಇದೆ. ಅಕ್ಷಯ ತದಿಗೆ ಹತ್ತಿರ ಬರುತ್ತಿತ್ತು, ಕೈತುಂಬ ಲಗ್ನಪತ್ರಿಕೆ ಇತ್ತು, ಒಪ್ಪಿಕೊಂಡೆ. ಬಂದ ಪೆಟ್ಟಿಗೆಯೊಳಗೆ ಡ್ರೈವರಿನ ಸಣ್ಣ ಸಿಡಿ ಇತ್ತು. ಸಹಾಯವಾಣಿಯವರು ಮುಂದಿನ ಪೋರ್ಟಿಗೆ ಸಿಕ್ಕಿಸಲು ಹೇಳಿದರು. ನನ್ನ ಕಂಪ್ಯೂಟರಿನ ಮುಂದಿನದು ಯುಎಸ್‌ಬಿ 2.0. ಅದರಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 48 ಕೋಟಿ ಬಿಟ್ ಹೋಗಬಹುದು. 1280×1024ರ ಆ ಚೌಕದ ಪರದೆಯನ್ನು ಚಿತ್ರ ಕುಗ್ಗಿಸದೆ ಸೆಕೆಂಡಿಗೆ 60 ಸಲ ತುಂಬಲು ಸುಮಾರು 189 ಕೋಟಿ ಬಿಟ್ ಬೇಕು. ಹಾಗಾಗಿ ಚಿತ್ರ ತಡವಾಗಿ ಬರುತ್ತಿತ್ತು. ಹಿಂದಿನ ನೀಲಿ ಪೋರ್ಟಿಗೆ, ಅಂದರೆ 500 ಕೋಟಿಯ ಯುಎಸ್‌ಬಿ 3.0ಗೆ, ನಾನೇ ಹಾಕಿ ನೋಡಿದೆ. ಸ್ವಲ್ಪ ಸುಧಾರಿಸಿತು. ಆದರೆ ಇಂಥ ಅಡಾಪ್ಟರಿಗೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಕೆಲಸ ಪ್ರೊಸೆಸರಿನದೇ, ಮತ್ತು ನನ್ನದು ಹನ್ನೊಂದು ವರ್ಷದ ಎರಡು ಕೋರಿನ ಪ್ರೊಸೆಸರ್. ನುಡಿ ತಂತ್ರಾಂಶದಲ್ಲಿ ಒತ್ತಕ್ಷರ ಹೊಡೆದರೆ ನನ್ನೆದುರು ಕೂಡಲೇ ಮೂಡುತ್ತದೆ, ಗಿರಾಕಿಯ ಎದುರು ಉಸಿರು ಬಿಡುವಷ್ಟು ಹೊತ್ತಾದ ಮೇಲೆ. ನಾನು ಆಗಲೇ ತಿದ್ದಿದ ಹೆಸರನ್ನು ಅವರು "ತಪ್ಪಿದೆ" ಎನ್ನುವುದು, ನಾನು ಸರಿಯಾದದ್ದನ್ನು ಮತ್ತೆ ಕೆಡಿಸುವುದು. ಯಾವುದಕ್ಕೆ ಬೇಕೆಂದು ತಂದಿದ್ದೆನೋ ಅದೇ ಕೆಲಸ ಹಾಳಾಯಿತು. ಏಪ್ರಿಲ್ 19 ಮತ್ತು 26ರಂದು ಬರೆದ ಎರಡು ಮಿಂಚಂಚೆಗಳಿಗೆ ಇವತ್ತಿನವರೆಗೆ ಉತ್ತರವಿಲ್ಲ.

ಮೇ ತಿಂಗಳಲ್ಲಿ ಕಾಗದ ತರಲು ಶಿವಮೊಗ್ಗಕ್ಕೆ ಹೋದಾಗ ದುರ್ಗಿಗುಡಿಯ ಒಂದು ಸಣ್ಣ ರಿಪೇರಿ ಅಂಗಡಿಯಲ್ಲಿ ವಿಚಾರಿಸಿದೆ. ಮೊಬೈಲಿನಲ್ಲಿದ್ದ ಬೋರ್ಡಿನ ಫೋಟೊ ನೋಡಿದ ಕೂಡಲೇ ಆ ಹುಡುಗ, "ಎಚ್81 ಅಲ್ವಾ ಅಕ್ಕಾ? ಹಿಂದೆ ಮೂರು ಪೋರ್ಟ್ ಇದ್ರೂ ಒಟ್ಟಿಗೆ ಬರೋದು ಎರಡೇ" ಎಂದ. ಇದೇ ಪ್ರೊಸೆಸರನ್ನು ಬಿ85 ಅಥವಾ ಎಚ್87 ಬೋರ್ಡಿಗೆ ಹಾಕಿದ್ದರೆ ಮೂರೂ ಬರುತ್ತಿತ್ತು, ಎಚ್81 ಕಡಿಮೆ ಬೆಲೆಯದಾದ್ದರಿಂದ ಇಂಟೆಲ್‌ನವರೇ ಎರಡಕ್ಕೆ ನಿಲ್ಲಿಸಿದ್ದಾರೆ, ಯಾವ ಕನ್ವರ್ಟರ್ ಹಾಕಿದರೂ ಅದು ಬದಲಾಗುವುದಿಲ್ಲ ಎಂದು ವಿವರಿಸಿದ. ಇಂಟೆಲ್‌ನ ಜಾಲತಾಣದಲ್ಲಿ ಆ ಚಿಪ್‌ಸೆಟ್‌ನ ವಿವರ ತೆಗೆದು ತೋರಿಸಿದ. ಡಿಸ್‌ಪ್ಲೇ ಸಂಖ್ಯೆ 2 ಎಂದು ಸ್ಪಷ್ಟವಾಗಿ ಇತ್ತು. ಹೇಳಿದ್ದಕ್ಕೆ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಅವನಲ್ಲೇ ಹಳೆಯ ಜಿಟಿ 710 ಗ್ರಾಫಿಕ್ಸ್ ಕಾರ್ಡ್ ರೂ. 1,600ಕ್ಕೆ ಸಿಕ್ಕಿತು. 19 ವ್ಯಾಟಿನದು, ಪವರ್ ಸಪ್ಲೈ ಬದಲಿಸುವುದೂ ಬೇಕಿರಲಿಲ್ಲ. ಕಾರ್ಡ್ ಹಾಕಿದರೆ ಬೋರ್ಡಿನ ಡಿಸ್‌ಪ್ಲೇ ತಾನಾಗಿ ನಿಂತುಹೋಗುತ್ತದೆ, ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗಿನಲ್ಲಿ) ಮಲ್ಟಿ ಮಾನಿಟರ್ ಆಯ್ಕೆಯನ್ನು ಎನೇಬಲ್ ಮಾಡಿ ಎಂದು ಚೀಟಿಯಲ್ಲಿ ಬರೆದೂ ಕೊಟ್ಟ. ಮನೆಗೆ ಬಂದು ಹಾಗೆಯೇ ಮಾಡಿದೆ. ಈಗ ಎರಡು ಮಾನಿಟರ್ ಕಾರ್ಡಿನಲ್ಲಿ, ಚೌಕದ್ದು ಬೋರ್ಡಿನ ವಿಜಿಎಯಲ್ಲಿ, ಮೂರೂ ನಡೆಯುತ್ತಿವೆ. ತಮ್ಮ ಎರಡೂ ಸಾಮಾನಿನ ಅಗತ್ಯವೇ ಬೀಳಲಿಲ್ಲ.

ನನ್ನ ಕಂಪ್ಯೂಟರ್ ಹಳೆಯದು, ಅದಕ್ಕೊಂದು ಮಿತಿ ಇದೆ, ಒಪ್ಪುತ್ತೇನೆ. ಆದರೆ ಚಿಪ್‌ಸೆಟ್‌ನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದೆ. ಅಷ್ಟು ದೊಡ್ಡ ಕಂಪನಿಯ ಸಹಾಯವಾಣಿಯಲ್ಲಿ ಕೂತವರು ಒಂದು ಸಲ ಹುಡುಕಿ ನೋಡಿ "ಆಗುವುದಿಲ್ಲ" ಎಂದಿದ್ದರೆ ನಾನು ಕೃತಜ್ಞಳಾಗಿ ಫೋನ್ ಇಡುತ್ತಿದ್ದೆ. ನಮ್ಮ ಕಡೆ ಇಂಥ ಹಳೇ ಕಂಪ್ಯೂಟರಿನಲ್ಲೇ ಜೆರಾಕ್ಸ್ ಅಂಗಡಿ, ಟೈಪಿಂಗ್ ಸೆಂಟರ್ ನಡೆಸುವವರು ಬಹಳ ಜನ. ಅವರಿಗೂ ತಾವು ಇದೇ ಉತ್ತರ ಕೊಡುತ್ತಿರಬಹುದಲ್ಲ ಎಂಬ ಚಿಂತೆ ನನಗೆ.

ಆದ್ದರಿಂದ ರೂ. 1,180 ಮತ್ತು ರೂ. 2,490 ಸೇರಿ ರೂ. 3,670ನ್ನು ನನ್ನ ಖಾತೆಗೆ ಹಾಕಬೇಕು, ಸಾಮಾನನ್ನು ತಮ್ಮ ಖರ್ಚಿನಲ್ಲೇ ಒಯ್ಯಬೇಕು. ಜಾಹೀರಾತಿನಿಂದ "ಯಾವ ಕಂಪ್ಯೂಟರಿಗೂ" ಎಂಬ ಮಾತು ತೆಗೆದು, ಕೊಳ್ಳುವ ಮೊದಲು ಚಿಪ್‌ಸೆಟ್ ನೋಡಿಕೊಳ್ಳಿ ಎಂದು ಕನ್ನಡದಲ್ಲೂ ಹಾಕಬೇಕು. ಏಪ್ರಿಲ್ 8ರ ಕರೆಯ ಧ್ವನಿಮುದ್ರಣವನ್ನು ತಾವೇ ಕೇಳಬೇಕೆಂದು ವಿನಂತಿ. 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿದೆ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ಬಿಲ್ಲುಗಳ ಪ್ರತಿ, ಮಿಂಚಂಚೆಗಳ ಪ್ರತಿ, ಎಚ್‌ಡಿಎಂಐ ಹಾಕಿದಾಗ ಮತ್ತು ಕಿತ್ತಾಗ ತೆಗೆದ ಎರಡು ಫೋಟೊ ಇದರೊಂದಿಗಿವೆ. ಮಳೆಗಾಲ ಹಿಡಿದಿದೆ. ಕರೆಂಟ್ ಹೋದರೆ ಇಲ್ಲಿ ಟವರೂ ಹೋಗುತ್ತದೆ, ಕರೆ ಮಾಡಿದೆವು ಸಿಗಲಿಲ್ಲ ಎಂದಾಗಬಾರದು. ದಯವಿಟ್ಟು ಉತ್ತರವನ್ನು ಅಂಚೆಯಲ್ಲಿ ಕಳಿಸಿ. ಎರಡೂ ಸಾಮಾನನ್ನು ತಮ್ಮದೇ ಪೆಟ್ಟಿಗೆಯಲ್ಲಿ ಸಿಡಿಯ ಸಮೇತ ಕಟ್ಟಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಾಹಕಿ, ತೀರ್ಥಹಳ್ಳಿ