ಬೆಂಗಳೂರಿಗೆ ಇನ್ನೊಂದು ರೈಲು ಕೇಳುವ ಮೊದಲು: ಶಿವಮೊಗ್ಗದ ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಶಿವಮೊಗ್ಗ ಲೋಕಸಭಾ ಕ್ಷೇತ್ರದ ಮಾನ್ಯ ಸದಸ್ಯರಿಗೆ,

ಸಾಗರ ತಾಲ್ಲೂಕಿನಿಂದ ಗೌರವಪೂರ್ವಕ ವಂದನೆಗಳು.

ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿ ದುಡಿದು ನಿವೃತ್ತನಾದವನು ನಾನು. ನನಗೆ ರೈಲ್ವೆಯ ಪರಿಚಯವಾದದ್ದು ಟಿಕೆಟ್ ಕೌಂಟರಿನಿಂದಲ್ಲ, ಗೂಡ್ಸ್ ಶೆಡ್ಡಿನಿಂದ. ಆದ್ದರಿಂದ ಈ ಪತ್ರವನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಮುಂಗಾರು ಹಿಡಿದ ಒಂದು ಜೂನ್ ತಿಂಗಳ ರಾತ್ರಿ ಯೂರಿಯಾ ರೇಕ್, ಅಂದರೆ ಯೂರಿಯಾ ತುಂಬಿದ ಪೂರ್ತಿ ಗೂಡ್ಸ್ ರೈಲು, ಬಂದಿದೆ ಎಂಬ ಫೋನ್ ಬಂತು. ನಮ್ಮ ಸಂಘದ ಪಾಲು ಎತ್ತಿಸಿಕೊಳ್ಳಲು ನಾನು ಲಾರಿಯವನೊಡನೆ ಹೋದಾಗ ಬೆಳಗಿನ ಜಾವ ಆಗಿತ್ತು. ಪ್ಲಾಟ್‌ಫಾರಂನ ಒಂದು ಭಾಗಕ್ಕೆ ಮಾತ್ರ ಚಾವಣಿ ಇತ್ತು. ಉಳಿದ ಉದ್ದಕ್ಕೂ ಹಮಾಲರು ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು, ವ್ಯಾಗನ್ನಿನ ಬಾಗಿಲಿಗೂ ಲಾರಿಯ ಡಾಲಾಕ್ಕೂ ನಡುವೆ ಟಾರ್ಪಾಲು ಎಳೆದು ಕಟ್ಟಿ, ಅದರ ಕೆಳಗೆ ಬಗ್ಗಿ ಚೀಲ ಹೊರುತ್ತಿದ್ದರು. ಟಾರ್ಪಾಲಿನ ನಡುವೆ ನೀರು ತುಂಬಿ ಜಗ್ಗಿದಾಗಲೆಲ್ಲ ಒಬ್ಬ ಹುಡುಗ ಬಿದಿರ ಗಳದಿಂದ ಅದನ್ನು ಎತ್ತಿ ಚೆಲ್ಲುತ್ತಿದ್ದ. ಮುಚ್ಚು ವ್ಯಾಗನ್ನುಗಳ ಒಂದು ಪೂರ್ತಿ ರೇಕಿನಲ್ಲಿ ಸಾಮಾನ್ಯವಾಗಿ 42 ವ್ಯಾಗನ್ನುಗಳಿದ್ದು ಸುಮಾರು 2,600 ಟನ್ ಸರಕು ಬರುತ್ತದೆ. ಈಗಿನ 45 ಕೆ.ಜಿ. ಯೂರಿಯಾ ಚೀಲದ ಲೆಕ್ಕದಲ್ಲಿ ಅದು 57 ಸಾವಿರಕ್ಕೂ ಹೆಚ್ಚು ಚೀಲ. ಒಂದೊಂದು ಚೀಲವೂ ಒಬ್ಬನ ಬೆನ್ನ ಮೇಲೆಯೇ ಇಳಿಯಬೇಕು, ಅದೂ ನಿಗದಿಯಾದ ಗಂಟೆಗಳೊಳಗೆ, ಇಲ್ಲವಾದರೆ ಡೆಮರೇಜ್, ಅಂದರೆ ತಡಮಾಡಿದ್ದಕ್ಕೆ ದಂಡ, ಬೀಳುತ್ತದೆ. ಆ ದಿನ ನಮಗೆ ಸಿಕ್ಕ ಚೀಲಗಳಲ್ಲಿ ಎಷ್ಟೋ ನೀರು ಕುಡಿದು ಗಟ್ಟಿಯಾಗಿದ್ದವು. ಅವನ್ನು ರೈತರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ನಷ್ಟ ಸಂಘದ ಲೆಕ್ಕಕ್ಕೆ ಬಿತ್ತು.

ಅಲ್ಲಿಂದ ಲಾರಿ ಬಿ.ಎಚ್. ರಸ್ತೆ (ಬೆಂಗಳೂರು–ಹೊನ್ನಾವರ ಹೆದ್ದಾರಿ) ಹಿಡಿದು ಸಾಗರಕ್ಕೆ ಬಂತು. ಕುಂಸಿ, ಆನಂದಪುರ ದಾಟಿ ಬರುವಾಗ ರೈಲು ಹಳಿಯೂ ಅದೇ ದಿಕ್ಕಿಗೆ, ಕೆಲವು ಕಡೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಸಾಗುತ್ತದೆ. ನನ್ನ ಸೇವಾವಧಿಯ ಉದ್ದಕ್ಕೂ ನಮ್ಮ ಊರಿನ ಗೊಬ್ಬರ ಬಂದದ್ದು ಆ ಹಳಿಯ ಮೇಲಲ್ಲ, ಪಕ್ಕದ ರಸ್ತೆಯ ಮೇಲೆ. ಇಪ್ಪತ್ತು ಟನ್ ಹೊರುವ ಲಾರಿಗಳಾದರೆ ಒಂದು ರೇಕಿಗೆ 130 ಲಾರಿ ಬೇಕು. ಮಳೆಗಾಲದಲ್ಲಿ ಆ ರಸ್ತೆಯ ಗತಿ ಏನಾಗುತ್ತದೆ ಎಂಬುದು ತಮಗೆ ತಿಳಿಯದ ವಿಷಯವಲ್ಲ.

2023ರ ಫೆಬ್ರವರಿ 27ರಂದು, ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನವೇ, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ರೈಲು ಮಾರ್ಗಕ್ಕೂ ಕೋಟೆಗಂಗೂರಿನ ಕೋಚಿಂಗ್ ಡಿಪೋಗೂ (ಪ್ರಯಾಣಿಕರ ಬೋಗಿಗಳ ನಿರ್ವಹಣೆಯ ಜಾಗ) ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ಮಾಡಿದರು. ಮಾರ್ಗಕ್ಕೆ 990 ಕೋಟಿ ರೂಪಾಯಿ, ಡಿಪೋಗೆ 100 ಕೋಟಿಗೂ ಹೆಚ್ಚು ಎಂದು ಅಂದು ತಿಳಿಸಲಾಯಿತು. ಎರಡನ್ನೂ ನಾನು ಮನಸಾರೆ ಸ್ವಾಗತಿಸುತ್ತೇನೆ. ಇಷ್ಟು ಹಣ ನಮ್ಮ ಜಿಲ್ಲೆಯ ರೈಲಿಗೆ ಹರಿದದ್ದನ್ನು ನನ್ನ ತಲೆಮಾರಿನವರು ಕಂಡಿರಲಿಲ್ಲ. ಹಾಗಿರುವುದರಿಂದಲೇ ತಮ್ಮಲ್ಲಿ ಒಂದು ಮಾತು ಕೇಳಬೇಕೆನಿಸಿದೆ: ಈ ಹಣದಿಂದ ಯಾರ ಓಡಾಟ ಎಷ್ಟು ಸುಲಭವಾಗುತ್ತದೆ, ಯಾವ ಸರಕು ರಸ್ತೆಯಿಂದ ಹಳಿಗೆ ಬರುತ್ತದೆ ಎಂಬ ಲೆಕ್ಕವನ್ನು ಮಲೆನಾಡಿನ ಜನರೆದುರು ಒಮ್ಮೆ ಇಡಿಸಿ. ಮಾರ್ಗ ತೆರೆದ ಮೇಲೆ ಆ ಲೆಕ್ಕ ನಿಜವಾಯಿತೇ ಎಂದು ಮತ್ತೊಮ್ಮೆ ಅಳೆಸಿ.

ರೈಲ್ವೆಯಲ್ಲಿ ಲೆಕ್ಕವೇ ನಡೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಸಂಚಾರ ಸಮೀಕ್ಷೆ, ಅಂತಿಮ ಸ್ಥಳ ಸಮೀಕ್ಷೆ, ವಿವರವಾದ ಯೋಜನಾ ವರದಿ ಎಂಬ ಹಂತಗಳಿವೆ. ಹೂಡಿದ ಹಣಕ್ಕೆ ಇಷ್ಟು ಆದಾಯ ಬರಬೇಕೆಂಬ ಕಟ್ಟಳೆಯಿದ್ದು, ಬಹುಕಾಲ ಅದು ಶೇ 14ರಷ್ಟಿತ್ತು. ಕಾಡು, ಗುಡ್ಡ, ಚದುರಿದ ಮನೆಗಳ ನಮ್ಮ ಸೀಮೆಯಲ್ಲಿ ಅಷ್ಟು ಆದಾಯ ತೋರಿಸುವುದು ಯಾವ ಮಾರ್ಗಕ್ಕೂ ಕಷ್ಟ. ಹಾಗಾಗಿ ಇಲ್ಲಿನ ಬೇಡಿಕೆಗಳು ಒಂದೋ ಕಡತದಲ್ಲೇ ಉಳಿಯುತ್ತವೆ, ಇಲ್ಲವೇ ಜನಪ್ರತಿನಿಧಿಗಳ ಒತ್ತಾಯದಿಂದ ಮಂಜೂರಾಗುತ್ತವೆ. ಒತ್ತಾಯದಿಂದ ಮಂಜೂರಾದದ್ದು ತಪ್ಪಲ್ಲ, ಜನಪ್ರತಿನಿಧಿಗಳಿರುವುದೇ ಅದಕ್ಕೆ. ಆದರೆ ಹಾಗೆ ಮಂಜೂರಾದ ಮಾರ್ಗದ ಮೇಲೆ ಎಂಥ ರೈಲು, ಯಾವ ಹೊತ್ತಿಗೆ, ಎಲ್ಲೆಲ್ಲಿ ನಿಲ್ಲಬೇಕು ಎಂಬುದನ್ನು ಆಮೇಲೆ ವಿಚಾರಿಸುವವರು ಇರುವುದಿಲ್ಲ. ನೆರೆಯ ಚಿಕ್ಕಮಗಳೂರನ್ನೇ ನೋಡಬಹುದು. ಕಡೂರಿನಿಂದ ಅಲ್ಲಿಗೆ ಹೋಗುವ 46 ಕಿ.ಮೀ. ಮಾರ್ಗ ದಶಕಕ್ಕೂ ಹೆಚ್ಚು ಕಾಯಿಸಿ 2013ರಲ್ಲಿ ತೆರೆಯಿತು, ಆಮೇಲೂ ವರ್ಷಗಟ್ಟಲೆ ಬೆರಳೆಣಿಕೆಯ ಪ್ಯಾಸೆಂಜರ್ ರೈಲುಗಳಷ್ಟೇ ಅದರ ಮೇಲೆ ಓಡಿದವು. ಶಿಕಾರಿಪುರದ ಜನರಿಗೆ ಹಾಗಾಗಬಾರದು.

ನಮ್ಮ ಮಾರ್ಗದ ಇತಿಹಾಸ ತಮಗೆ ಗೊತ್ತಿದೆ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದ ಮೀಟರ್ ಗೇಜ್ ಹಳಿ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಕಾಗದದ ಕಾರ್ಖಾನೆಗೂ ಸರಕು ಹೊತ್ತು ತಂದು ಒಯ್ಯುತ್ತಿದ್ದ ಮಾರ್ಗ ಇದು. ಸರಕಿನ ಆದಾಯದಿಂದ ಪ್ರಯಾಣಿಕರ ರೈಲಿನ ನಷ್ಟ ತುಂಬಿಕೊಳ್ಳುವುದು ರೈಲ್ವೆಯ ಹಳೆಯ ಪದ್ಧತಿ. ಕಾಗದದ ಕಾರ್ಖಾನೆ ಎಂಪಿಎಂ ನಿಂತು, ಕಬ್ಬಿಣದ ಕಾರ್ಖಾನೆ ವಿಐಎಸ್ಎಲ್ ಹಿಂದಿನಂತೆ ನಡೆಯದಿರುವಾಗ, ಈ ಮಾರ್ಗದ ಸರಕಿನ ಪಾಲು ಏನಾಗಿದೆ ಎಂದು ಯಾರಾದರೂ ಕೂತು ನೋಡಬೇಕು. ಹೊಸ ಸರಕು ಇಲ್ಲವೆಂದಲ್ಲ. ಶಿಕಾರಿಪುರದ ಸುತ್ತಮುತ್ತ ಮೆಕ್ಕೆಜೋಳ ಹೇರಳವಾಗಿ ಬೆಳೆಯುತ್ತದೆ, ಕಟಾವಿನ ನಂತರ ಸಾಲುಸಾಲು ಲಾರಿಗಳಲ್ಲಿ ಹೊರಗೆ ಹೋಗುತ್ತದೆ. ಹೊಸ ಮಾರ್ಗದಲ್ಲಿ ಶಿಕಾರಿಪುರ ನಿಲ್ದಾಣದ ನಕ್ಷೆ ಬರೆಯುವಾಗಲೇ ಪೂರ್ತಿ ರೇಕ್ ನಿಲ್ಲುವಷ್ಟು ಉದ್ದದ, ಉದ್ದಕ್ಕೂ ಚಾವಣಿಯಿರುವ ಗೂಡ್ಸ್ ಪ್ಲಾಟ್‌ಫಾರಂ, ಲಾರಿ ತಿರುಗಲು ಜಾಗ, ಹಮಾಲರಿಗೆ ಕುಡಿಯುವ ನೀರು ಮತ್ತು ಶೌಚಾಲಯ ಸೇರಬೇಕು. ಕಟ್ಟಡ ಮುಗಿದ ಮೇಲೆ ಇದನ್ನು ಜೋಡಿಸುತ್ತೇವೆಂದರೆ ಜಾಗವೂ ಸಿಗುವುದಿಲ್ಲ, ಹಣವೂ ಸಿಗುವುದಿಲ್ಲ.

ಅಡಿಕೆಯ ವಿಷಯ ಬೇರೆ. ನಮ್ಮ ಅಡಿಕೆ ಉತ್ತರಕ್ಕೆ, ಗುಜರಾತಿಗೆ ಬಹುಪಾಲು ಲಾರಿಯಲ್ಲೇ ಹೋಗುತ್ತದೆ. ಒಬ್ಬ ಮಂಡಿ ವರ್ತಕನಿಗಾಗಲಿ ಒಂದು ಸಹಕಾರ ಸಂಘಕ್ಕಾಗಲಿ ಒಂದೇ ಸಲಕ್ಕೆ 2,600 ಟನ್ ತುಂಬುವುದು ಸಾಧ್ಯವಿಲ್ಲ. ಅವರಿಗೆ ಬೇಕಾದದ್ದು ವಾರಕ್ಕೆ ಗೊತ್ತಾದ ಒಂದು ದಿನ, ನಾಲ್ಕಾರು ವ್ಯಾಗನ್ನುಗಳಷ್ಟು ಜಾಗ, ಸರಕು ಇಂಥ ದಿನ ತಲುಪುತ್ತದೆ ಎಂಬ ಭರವಸೆ. ದರ ಕಡಿಮೆಯಿದ್ದರೂ ತಲುಪುವ ದಿನ ಗೊತ್ತಿಲ್ಲದ ಸಾಗಣೆಯನ್ನು ಯಾವ ವರ್ತಕನೂ ನಂಬುವುದಿಲ್ಲ. ಸಮೀಕ್ಷೆ ಮಾಡುವವರು ಟನ್ನಿನ ಅಂದಾಜನ್ನು ಕಚೇರಿಯಲ್ಲಿ ಕೂತು ಬರೆಯದೆ, ಶಿವಮೊಗ್ಗ ಮತ್ತು ಸಾಗರದ ಮಂಡಿಗಳಿಗೆ ಬಂದು ಈ ಜನರನ್ನು ಮಾತನಾಡಿಸಲಿ.

ಇನ್ನು ಪ್ರಯಾಣಿಕರ ಮಾತು. ಜಿಲ್ಲೆಯಿಂದ ದೆಹಲಿಗೆ ಹೋಗುವ ಬೇಡಿಕೆಪಟ್ಟಿಯಲ್ಲಿ ಮೊದಲ ಸಾಲು ಯಾವಾಗಲೂ ಬೆಂಗಳೂರಿಗೆ ಇನ್ನೊಂದು ರೈಲು. ಬೆಂಗಳೂರಿನಲ್ಲಿ ಮಕ್ಕಳಿರುವ ತಂದೆ ನಾನು, ಆ ಬೇಡಿಕೆಯ ಹಿಂದಿನ ಕಷ್ಟ ನನಗೂ ಗೊತ್ತು. ಆದರೆ ದಿನಾ ಬೆಳಗಾದರೆ ಕೆಂಚನಾಲದಿಂದ ಕಾಲೇಜಿಗೆ, ಆನಂದಪುರದಿಂದ ಶಿವಮೊಗ್ಗದ ಆಸ್ಪತ್ರೆಗೆ, ತಾಳಗುಪ್ಪದಿಂದ ಸಾಗರದ ಕಚೇರಿಗೆ ಹೋಗುವವರ ಸಂಖ್ಯೆಯನ್ನು ಯಾವ ಪಟ್ಟಿಯೂ ಎಣಿಸುವುದಿಲ್ಲ. ಮೀಟರ್ ಗೇಜ್ ಇದ್ದ ಕಾಲದಲ್ಲಿ ಈ ಮಾರ್ಗದಲ್ಲಿ ರೈಲುಬಸ್ ಓಡುತ್ತಿತ್ತು. ಹಾಲಿನ ಕ್ಯಾನು, ಬಾಳೆಗೊನೆ, ಶಾಲೆಯ ಮಕ್ಕಳು, ಎಲ್ಲ ಒಂದೇ ಡಬ್ಬಿಯಲ್ಲಿ. ನಿಧಾನವಾಗಿ ಹೋಗುತ್ತಿತ್ತು ನಿಜ, ಆದರೆ ಅದು ನಮ್ಮೂರುಗಳಿಗಾಗಿಯೇ ಓಡುತ್ತಿದ್ದ ಗಾಡಿಯಾಗಿತ್ತು. ಬ್ರಾಡ್‌ಗೇಜ್ ಆದ ಮೇಲೆ ಮೈಸೂರು, ಬೆಂಗಳೂರುಗಳಿಂದ ನೇರ ರೈಲುಗಳು ತಾಳಗುಪ್ಪದವರೆಗೆ ಬಂದವು, ಅದು ದೊಡ್ಡ ಉಪಕಾರ. ಆದರೆ ಅವುಗಳ ವೇಳೆ ನಿರ್ಧಾರವಾಗುವುದು ದೂರದ ಊರಿನ ಅನುಕೂಲಕ್ಕೆ ತಕ್ಕಂತೆ. ಕಳೆದ ವರ್ಷ ನನ್ನ ಅತ್ತಿಗೆಯವರನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಾಗಿದ್ದಾಗ, ಆಸ್ಪತ್ರೆ ಕೊಟ್ಟ ವೇಳೆಗೆ ಹೊಂದುವ ರೈಲು ಹೋಗುವಾಗಲೂ ಸಿಗಲಿಲ್ಲ, ಬರುವಾಗಲೂ ಸಿಗಲಿಲ್ಲ. ವಾರಕ್ಕೆ ಮೂರು ಸಲ ಬಾಡಿಗೆ ಕಾರಿನಲ್ಲಿ ಹೋಗಿ ಬಂದೆವು. ಅಷ್ಟು ಹಣ ಕೊಡಲಾಗದವರು ಬಸ್ಸಿನ ಕಂಬಿ ಹಿಡಿದು ನಿಂತು ಹೋಗುವುದನ್ನು ಅದೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರ ಬಾಯಿಂದಲೇ ಕೇಳಿದ್ದೇನೆ.

ಇಂಥ ಒಂದು ಪ್ರಯಾಣದಿಂದ ರೈಲ್ವೆಗೆ ಬರುವ ಆದಾಯ ಕೆಲವೇ ರೂಪಾಯಿ. ಆ ಕುಟುಂಬಕ್ಕೆ ಉಳಿಯುವುದು ಅದರ ಹತ್ತಾರು ಪಟ್ಟು. ಯೋಜನೆಯ ಮೌಲ್ಯಮಾಪನದಲ್ಲಿ ಮೊದಲನೆಯದು ಮಾತ್ರ ಕಾಣಿಸಿ ಎರಡನೆಯದು ಕಾಣಿಸದೇ ಹೋದರೆ, ಶಿವಮೊಗ್ಗ–ತಾಳಗುಪ್ಪ ನಡುವೆ ಬೆಳಿಗ್ಗೆ ಸಂಜೆ ಓಡುವ ಒಂದು ಮೆಮು ರೈಲು (ಬೇರೆ ಎಂಜಿನ್ ಇಲ್ಲದೆ ವಿದ್ಯುತ್ತಿನಿಂದ ಓಡುವ ಸ್ಥಳೀಯ ರೈಲು) ಎಂದೆಂದಿಗೂ ನಷ್ಟದ ಬಾಬ್ತಾಗಿಯೇ ಉಳಿಯುತ್ತದೆ. ಮೆಮು ಬೇಗ ವೇಗ ಹಿಡಿದು ಬೇಗ ನಿಲ್ಲಬಲ್ಲದು, ಆದ್ದರಿಂದ ಸಣ್ಣ ನಿಲ್ದಾಣಗಳಿರುವ ಮಾರ್ಗಕ್ಕೆ ಹೇಳಿ ಮಾಡಿಸಿದಂತಿದೆ. ರೈಲಿನ ವೇಳೆಗೆ ಸರಿಯಾಗಿ ಸಾಗರ ನಿಲ್ದಾಣದ ಮುಂದೆ ಸೊರಬ, ಸಿಗಂದೂರು ಕಡೆಯ ಬಸ್ಸುಗಳು, ಅರಸಾಳಿನಲ್ಲಿ ರಿಪ್ಪನ್‌ಪೇಟೆ, ಹೊಸನಗರದ ಬಸ್ಸು ನಿಂತಿರುವಂತೆ ಮಾಡುವುದಕ್ಕೆ ಕೋಟಿಗಳು ಬೇಕಿಲ್ಲ. ರೈಲ್ವೆಯವರನ್ನೂ ಸಾರಿಗೆ ಸಂಸ್ಥೆಯವರನ್ನೂ ಒಂದೇ ಮೇಜಿಗೆ ಕರೆಸುವ ಅಧಿಕಾರ ಬೇಕು, ಅದು ತಮ್ಮಲ್ಲಿದೆ. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರಿನ ಆಚೆಯ ಊರುಗಳು ಸಾಗರಕ್ಕೆ ಎಷ್ಟು ಹತ್ತಿರವಾಗಿವೆ ಎಂಬುದನ್ನು ಸಂಚಾರ ಸಮೀಕ್ಷೆ ಹೊಸದಾಗಿ ಲೆಕ್ಕ ಹಾಕಬೇಕು. ಹಳೆಯ ಅಂಕಿಗಳು ಈಗ ಕೆಲಸಕ್ಕೆ ಬರುವುದಿಲ್ಲ.

ಹೊಸ ರೈಲು ಕೇಳಿದಾಗಲೆಲ್ಲ ಬರುವ ಉತ್ತರ, ಮಾರ್ಗದಲ್ಲಿ ಜಾಗವಿಲ್ಲ ಎಂದು. ಈ ಉತ್ತರವನ್ನು ಪರೀಕ್ಷಿಸಬಹುದು. ಒಂಟಿ ಹಳಿಯ ಮಾರ್ಗದಲ್ಲಿ ಎಷ್ಟು ರೈಲು ಓಡಿಸಬಹುದು ಎಂಬುದಕ್ಕೆ ರೈಲ್ವೆಯವರೇ ಬಳಸುವ ಸರಳ ಸೂತ್ರವಿದೆ: ದಿನದ 1,440 ನಿಮಿಷಗಳನ್ನು, ಎರಡು ಕ್ರಾಸಿಂಗ್ ನಿಲ್ದಾಣಗಳ (ಎದುರುಬದುರು ರೈಲುಗಳು ಒಂದನ್ನೊಂದು ದಾಟುವ ನಿಲ್ದಾಣಗಳ) ನಡುವಿನ ಅತಿ ಹೆಚ್ಚು ಓಟದ ವೇಳೆ ಮತ್ತು ಸಿಗ್ನಲ್ ಕೆಲಸಕ್ಕೆ ಹಿಡಿಯುವ ವೇಳೆಗಳ ಮೊತ್ತದಿಂದ ಭಾಗಿಸಿ, ಬಂದದ್ದರಲ್ಲಿ ಶೇ 70ನ್ನು ಹಿಡಿಯುತ್ತಾರೆ. ಓಟಕ್ಕೆ 25 ನಿಮಿಷ, ಸಿಗ್ನಲ್ಲಿಗೆ 5 ನಿಮಿಷ ಎಂದಿಟ್ಟುಕೊಂಡರೆ ಎರಡೂ ದಿಕ್ಕು ಸೇರಿ ದಿನಕ್ಕೆ 33 ರೈಲು. ಅಂಥ ಉದ್ದದ ಭಾಗಗಳ ನಡುವೆ ಒಂದೊಂದು ಕ್ರಾಸಿಂಗ್ ನಿಲ್ದಾಣ ಮಾಡಿ ಓಟವನ್ನು 13 ನಿಮಿಷಕ್ಕೆ ಇಳಿಸಿದರೆ ಅದೇ ಹಳಿಯ ಮೇಲೆ 56. ಜೋಡಿ ಹಳಿಗೆ ಬೇಕಾದ ಭೂಮಿ, ಕಾಡು, ಹಣ ಯಾವುದೂ ಬೇಡ, ಒಂದು ಲೂಪ್ ಲೈನು (ರೈಲು ಬದಿಗೆ ಸರಿದು ನಿಲ್ಲುವ ಹಳಿ), ಸಿಗ್ನಲ್ಲು, ಸಿಬ್ಬಂದಿ ಸಾಕು. ಕೋಟೆಗಂಗೂರಿನ ಡಿಪೋ ಸಿದ್ಧವಾಗಿ ಹೊಸ ರೈಲುಗಳು ಇಲ್ಲಿಂದಲೇ ಹೊರಡುವಂತಾದಾಗ ಅವೆಲ್ಲವೂ ಬೀರೂರಿನವರೆಗೆ ಇದೇ ಒಂಟಿ ಹಳಿಯ ಮೇಲೆ ಹೋಗಬೇಕಲ್ಲವೇ? ಬೀರೂರು–ಶಿವಮೊಗ್ಗ, ಶಿವಮೊಗ್ಗ–ತಾಳಗುಪ್ಪ ಎರಡೂ ಭಾಗಗಳಲ್ಲಿ ಅತಿ ಉದ್ದದ ವಿಭಾಗ ಯಾವುದು, ಅಲ್ಲಿ ಓಟಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ, ಎಲ್ಲಿ ಕ್ರಾಸಿಂಗ್ ಮಾಡಿದರೆ ಎಷ್ಟು ರೈಲಿಗೆ ದಾರಿಯಾಗುತ್ತದೆ ಎಂಬುದನ್ನು ತಾವು ಲಿಖಿತವಾಗಿ ಕೇಳಿ ಪಡೆಯಬೇಕು.

ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಇಳಿಸಬೇಕೆಂಬ ಬೇಡಿಕೆಯ ಬಗ್ಗೆಯೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ನಮ್ಮೂರಿನ ಹಲವರಿಗೆ ಇದು ಹಿಡಿಸಲಿಕ್ಕಿಲ್ಲ. ಶರಾವತಿ ಕಣಿವೆಯ ಕಾಡನ್ನು ಸೀಳಿ ಹೋಗುವ ಮಾರ್ಗಕ್ಕಾಗಿ ಕಾಯುತ್ತಾ ಕೂರುವುದರಲ್ಲಿ, ಇರುವ ಮಾರ್ಗವನ್ನು ಸರಿಯಾಗಿ ಬಳಸುವ ವರ್ಷಗಳನ್ನು ನಾವು ಕಳೆದುಕೊಳ್ಳುತ್ತಿದ್ದೇವೆ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ಪ್ರಶ್ನೆಯಲ್ಲಿ ಎಷ್ಟು ಕಾಲದಿಂದ ಸಿಕ್ಕಿಕೊಂಡಿದೆ ನೋಡಿ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ 50 ಅಡಿಗೆ ಒಂದು ಅಡಿ ಏರುವ ಹಳಿಯ ಮೇಲೆ ರೈಲಿಗೆ ಹೆಚ್ಚುವರಿ ಎಂಜಿನ್ ಕಟ್ಟಬೇಕು, ಪ್ರತಿ ಮಳೆಗಾಲವೂ ಗುಡ್ಡದ ಭಯ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ದಿನಗಟ್ಟಲೆ ಸಂಚಾರ ನಿಂತಿತ್ತು. ಘಟ್ಟದ ಮಾರ್ಗಕ್ಕೆ ಆದಾಯ, ಖರ್ಚುಗಳ ಜೊತೆಗೆ ಮಳೆ, ಮಣ್ಣು, ಕಾಡುಗಳ ಲೆಕ್ಕವೂ ಮೊದಲೇ ಆಗಬೇಕು. ಆ ಲೆಕ್ಕ ಬರುವವರೆಗೆ ಭಾಷಣಗಳಲ್ಲಿ ಅದರ ಭರವಸೆ ಕೊಡದಿರುವುದು ಒಳ್ಳೆಯದೆಂದು ನನಗನಿಸುತ್ತದೆ.

ರಾಣೆಬೆನ್ನೂರು ಮಾರ್ಗದ ಬಗ್ಗೆ ಮಾತ್ರ ನನಗೆ ಅಂಥ ಅನುಮಾನವಿಲ್ಲ. ಇಂದು ಶಿವಮೊಗ್ಗದಿಂದ ಹುಬ್ಬಳ್ಳಿ ಕಡೆಗೆ ರೈಲಿನಲ್ಲಿ ಹೋಗಬೇಕಾದರೆ ಬೀರೂರಿಗೆ ಇಳಿದು, ದಾವಣಗೆರೆಯ ಮೇಲೆ ಸುತ್ತಿ ಹೋಗಬೇಕು. ಆ ಸುತ್ತು ತಪ್ಪುತ್ತದೆ. ಕೆಲಸ ಎಲ್ಲಿಗೆ ಬಂದಿದೆ, ಯಾವ ಊರಿನ ಭೂಮಿ ಸಿಕ್ಕಿದೆ, ಎಲ್ಲಿ ತಡೆದಿದೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಿದರೆ ಜಮೀನು ಬಿಟ್ಟುಕೊಟ್ಟ ರೈತನಿಗೂ ತಿಳಿಯುತ್ತದೆ. ಬಜೆಟ್ ಜೊತೆ ಬರುವ, ರೈಲ್ವೆ ಕಾಮಗಾರಿಗಳ ಪಟ್ಟಿಯಾದ ಪಿಂಕ್ ಬುಕ್ಕನ್ನು ಹುಡುಕಿ ಓದಲು ಅವನಿಂದಾಗದು.

ಮುಂದಿನ ಅಧಿವೇಶನದಲ್ಲಿ ತಾವು ಎರಡು ಪ್ರಶ್ನೆ ಕೇಳಿದರೆ ಈ ಪತ್ರ ಬರೆದದ್ದು ಸಾರ್ಥಕ. ಬೀರೂರು–ತಾಳಗುಪ್ಪ ಮಾರ್ಗದ ಈಗಿನ ಸಾಮರ್ಥ್ಯ ಎಷ್ಟು, ಅದರಲ್ಲಿ ಬಳಕೆಯಾಗುತ್ತಿರುವುದು ಎಷ್ಟು ಎಂಬುದು ಒಂದು. ಹೊಸ ಮಾರ್ಗದ ಯೋಜನಾ ವರದಿಯಲ್ಲಿ ಅಂದಾಜಿಸಿದ ಪ್ರಯಾಣಿಕರು ಮತ್ತು ಸರಕು ಎಷ್ಟು, ಮಾರ್ಗ ತೆರೆದ ಮೂರನೆಯ ವರ್ಷ ಅದನ್ನು ಅಳೆದು ಪ್ರಕಟಿಸಲು ಇಲಾಖೆ ಒಪ್ಪುತ್ತದೆಯೇ ಎಂಬುದು ಇನ್ನೊಂದು. ಅದಕ್ಕೂ ಮೊದಲು, ಈ ಮುಂಗಾರಿನಲ್ಲಿ ಗೊಬ್ಬರದ ರೇಕ್ ಬಂದ ದಿನ ಒಂದು ತಾಸು ಗೂಡ್ಸ್ ಶೆಡ್ಡಿಗೆ ಬನ್ನಿ. ತಾವು ಬರುವುದಾದರೆ ನಾನೂ ಅಲ್ಲಿರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕಾರ್ಯದರ್ಶಿ, ಸಾಗರ ತಾಲ್ಲೂಕಿನ ಸಹಕಾರ ಸಂಘವೊಂದರಿಂದ