ಅರ್ಧ ದಾರಿಯಿಂದ ವಾಪಸ್ ಕಳಿಸಿದವರಿಗೆ

ಮೊನ್ನೆ ಭಾನುವಾರ ನಮ್ಮೂರ ಕೆರೆಯನ್ನು ಪೂರ್ತಿ ಒಂದು ಸುತ್ತು ಹಾಕಿದೆ. ಹೇಳಿಕೊಳ್ಳುವಂಥ ದೂರವೇನೂ ಅಲ್ಲ. ಮೊಮ್ಮಗ ಮೊಬೈಲಿನಲ್ಲಿ ಅಳೆದ ಪ್ರಕಾರ 4 ಕಿಲೋಮೀಟರಿನ ಮೇಲೆ ಸ್ವಲ್ಪ. ನಡುವೆ ಒಂದು ಸಣ್ಣ ಏರು, ಒಂದು ಕೋಡಿ, ಒಂದು ಕಾಲುಸಂಕ, ಬೇಲಿಯಲ್ಲಿ ಹತ್ತಿ ಇಳಿದು ದಾಟುವ ಮೂರು ತಡಮೆ. ಹಿಡಿದದ್ದು 2 ಗಂಟೆ 20 ನಿಮಿಷ. ಆದರೆ ಈ ಒಂದು ಸುತ್ತಿಗೆ ನಾನು ಕಾದದ್ದು 15 ತಿಂಗಳು. ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಾಗರ ಮತ್ತು ಸೊರಬದ ನಡುವೆ ನಮ್ಮೂರು. ನಾನು ಇಲ್ಲಿ 34 ವರ್ಷ ಅಂಚೆ ಹಂಚಿದವನು. ನಮ್ಮ ಕಡೆ ಮನೆಗಳು ಒಂದರ ಪಕ್ಕ ಒಂದು ಇರುವುದಿಲ್ಲ. ಇಲ್ಲೊಂದು ತೋಟ, ಅಲ್ಲೊಂದು ಮನೆ. ಹಾಗಾಗಿ ಕೆರೆ ಸುತ್ತಿದರೇ ನನ್ನ ಅರ್ಧ ಬೀಟು ಮುಗಿಯುತ್ತಿತ್ತು. ದೇವಸ್ಥಾನ ಸುತ್ತುವ ಹಾಗೆ ಬಲಕ್ಕೆ ಸುತ್ತಬೇಕು ಅಂತ ಹಿರಿಯರು ಹೇಳುತ್ತಿದ್ದರು. ನಾನು ಮಾತ್ರ ಯಾವಾಗಲೂ ಎಡಕ್ಕೆ. ಬಲಗಡೆ ಮೊದಲು ಸಿಗುವ ಮನೆಯ ನಾಯಿ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಊಟ ಆದ ಮೇಲೆ ಇನ್ನೊಂದು ಥರ. ಊಟ ಆದ ಮೇಲೆ ಸಿಗುವುದೇ ಒಳ್ಳೆಯದು.

ಕಳೆದ ವರ್ಷ ಆಷಾಢದಲ್ಲಿ ಬಿದ್ದೆ. ಕಾಡಿನಲ್ಲಲ್ಲ, ಗುಡ್ಡದಲ್ಲಲ್ಲ, ನಮ್ಮದೇ ಅಂಗಳದಲ್ಲಿ. ಮಳೆ ಹಿಡಿಯುವ ಮುಂಚೆ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವುದು ಮಲೆನಾಡಿನಲ್ಲಿ ಗೊತ್ತಿರುವ ವಿಷಯವೇ. ಇಲ್ಲದಿದ್ದರೆ ಹಾವಸೆ ಕಟ್ಟಿ ಕಾಲಿಡಲಿಕ್ಕೆ ಆಗುವುದಿಲ್ಲ. ಆ ವರ್ಷ ಕೊಟ್ಟಿಗೆ ಕಡೆ ನಾಲ್ಕು ದಬ್ಬೆ ಕಡಿಮೆ ಬಿದ್ದಿತ್ತು. ಇವತ್ತು ಹಾಕೋಣ, ನಾಳೆ ಹಾಕೋಣ ಅಂತ ಬಿಟ್ಟವನು ನಾನೇ. ಕಣಕಾಲಿನ ಎರಡೂ ಮೂಳೆ ಹೋಯಿತು.

ಆ ಮಳೆಯಲ್ಲಿ ಜೀಪು ಮನೆ ತನಕ ಬರುವ ಹಾಗಿರಲಿಲ್ಲ. ಆರಾಮ ಕುರ್ಚಿಗೆ ಎರಡು ಗಳ ಕಟ್ಟಿ, ಮೇಲೆ ಪ್ಲಾಸ್ಟಿಕ್ ಹೊದೆಸಿ, ಡಾಂಬರು ರಸ್ತೆ ತನಕ ನನ್ನನ್ನು ಹೊತ್ತುಕೊಂಡು ಹೋದ ನಾಲ್ಕು ಹುಡುಗರಿಗೆ ಮೊದಲ ಕೃತಜ್ಞತೆ. ಆ ನಾಲ್ವರಲ್ಲಿ ಮೂವರಿಗೆ ಕೆಲಸದ ಇಂಟರ್‌ವ್ಯೂ ಕಾಗದ ತಂದುಕೊಟ್ಟಿದ್ದು ನಾನು. ಕೆಲಸ ಒಬ್ಬನಿಗೂ ಸಿಗಲಿಲ್ಲ. ಸಿಕ್ಕಿದ್ದರೆ ಅವತ್ತು ಅವರು ಬೆಂಗಳೂರಲ್ಲಿರುತ್ತಿದ್ದರು, ನಾನು ಅಂಗಳದಲ್ಲೇ ಇರುತ್ತಿದ್ದೆ. ದಾರಿಯಲ್ಲಿ ಹೀಗಂದಾಗ ಅವರು ಎಷ್ಟು ನಕ್ಕರು ಅಂದರೆ ಕುರ್ಚಿ ಅಲ್ಲಾಡಿ ನನ್ನ ಪ್ರಾಣ ಹೋದ ಹಾಗಾಯಿತು.

ಆಪರೇಶನ್ನು, ರಾಡು, ಎರಡು ತಿಂಗಳು ಮಂಚ, ಆಮೇಲೆ ವಾಕರ್. ಇದನ್ನೆಲ್ಲ ಅನುಭವಿಸಿದವರಿಗೆ ಹೇಳಬೇಕಾಗಿಲ್ಲ, ಅನುಭವಿಸದವರಿಗೆ ಹೇಳಿ ಪ್ರಯೋಜನವಿಲ್ಲ.

ನನಗೆ ಹೇಳಬೇಕಿರುವುದು ಬೇರೆ. ಸಾಮಾನ್ಯವಾಗಿ ಇಂಥ ಬರಹದಲ್ಲಿ ಕೈ ಹಿಡಿದು ನಡೆಸಿದವರನ್ನು ನೆನೆಯುತ್ತಾರೆ. ನಾನು ನೆನೆಯಬೇಕಾದದ್ದು ನನ್ನನ್ನು ತಡೆದು, ಬೈದು, ವಾಪಸ್ ಕಳಿಸಿದವರನ್ನು.

ಮೊದಲನೆಯವರು ಸಾಗರದ ಫಿಜಿಯೋಥೆರಪಿಯ ಹುಡುಗಿ. ನನ್ನ ಮಗಳಿಗಿಂತ ಚಿಕ್ಕವಳು, ಆದರೂ ಮೇಡಂ ಅಂತಲೇ ಕರೆಯುತ್ತೇನೆ. ಸಾಗರ ಅನ್ನುವ ಹೆಸರೇ ಕೆರೆಯಿಂದ ಬಂದದ್ದು, ಅಲ್ವಾ? ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಸದಾಶಿವ ಸಾಗರವೇ ಈಗಿನ ಗಣಪತಿ ಕೆರೆ. ಕೆರೆಯ ಹೆಸರನ್ನೇ ಇಟ್ಟುಕೊಂಡ ಊರಿನಲ್ಲಿ ಕೆರೆ ಸುತ್ತುವುದನ್ನು ಮತ್ತೆ ಕಲಿತೆ. ನಮ್ಮ ಕೆರೆಯ ವಿಷಯ ಹೇಳಿ, ಮುಂದಿನ ತಿಂಗಳು ಒಂದು ಸುತ್ತು ಹಾಕಿಬಿಡುತ್ತೇನೆ ಅಂದೆ. ಆಕೆ ಒಂದು ಕಾಗದ ತಗೊಂಡು ಸೊನ್ನೆ ಬರೆದಳು.

"ಅಜ್ಜ, ರಸ್ತೆಯಾದರೆ ಸುಸ್ತಾದಲ್ಲಿ ತಿರುಗಿ ಬರಬಹುದು. ಇದು ಸುತ್ತು. ಅರ್ಧ ದಾಟಿದ ಮೇಲೆ ನೋವು ಶುರುವಾದರೆ ಏನು ಮಾಡ್ತೀರಿ? ವಾಪಸ್ ಬರೋದೂ ದೂರ, ಮುಂದೆ ಹೋಗೋದೂ ದೂರ."

34 ವರ್ಷ ಸುತ್ತಿದ ನನಗೆ ಇದು ಹೊಳೆದೇ ಇರಲಿಲ್ಲ. ನೋವು ಬರುವ ಮುಂಚೆಯೇ ತಿರುಗಬೇಕು ಅನ್ನುವುದು ಆಕೆಯ ಕಾನೂನು. ಚೆನ್ನಾಗಿದ್ದೇನೆ ಅನ್ನಿಸುತ್ತಿರುವಾಗಲೇ ವಾಪಸ್. ಇದು ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು. ಡಿಸೆಂಬರಿನಲ್ಲಿ ಏರಿಯ ಮೇಲೆ ತೂಬಿನ ತನಕ ಹೋಗಿ ವಾಪಸ್. ಹದಿನೈದು ದಿನ ಬಿಟ್ಟು ಏರಿಯ ತುದಿಯ ಮತ್ತಿ ಮರದ ತನಕ. ಅಲ್ಲಿಂದ ಮುಂದೆ ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ದಾರಿ ಕಾಣುತ್ತಿರುತ್ತದೆ. ಕಾಲು ತಾನಾಗಿಯೇ ಅತ್ತ ಎಳೆಯುತ್ತದೆ. ವಾಪಸ್.

ತೂಬಿನ ಹತ್ತಿರ ಜೊತೆಗೆ ಕೂರುತ್ತಿದ್ದವರು ನಮ್ಮ ನಿವೃತ್ತ ಮೇಷ್ಟ್ರು. ತಾಳಗುಂದದ ಶಾಸನದ ಕಂಬದ ಕಥೆಯನ್ನು ಅವರು ನನಗೆ ಕಡಿಮೆ ಅಂದರೂ ಆರು ಸಲ ಹೇಳಿದ್ದಾರೆ. ಕದಂಬರ ಕಾಕುಸ್ಥವರ್ಮ ಅಲ್ಲಿನ ಶಿವ ದೇವಸ್ಥಾನದ ಹತ್ತಿರ ಕೆರೆ ಕಟ್ಟಿಸಿದ್ದು, ಕುಬ್ಜ ಅನ್ನುವ ಕವಿ ಅದನ್ನು ಸಂಸ್ಕೃತ ಪದ್ಯದಲ್ಲಿ ಬರೆದದ್ದು, ಮಗ ಶಾಂತಿವರ್ಮನ ಕಾಲದಲ್ಲಿ ಅದು ಕಲ್ಲಿಗೆ ಬಂದದ್ದು. 5ನೇ ಶತಮಾನದ ಮಾತು. "ನೋಡು, ಆಗಲೂ ಕೆರೆ ಕಟ್ಟಿದ್ದನ್ನೇ ದೊಡ್ಡದು ಅಂತ ಬರೆಸಿದ್ದಾರೆ" ಅನ್ನುತ್ತಿದ್ದರು. ಆರನೇ ಸಲಕ್ಕೆ ನನಗೆ ಅರ್ಥವಾಯಿತು. ಕಥೆ ಮುಗಿಯುವ ತನಕ ನಾನು ಕಾಲು ಚಾಚಿ ಕೂತಿರುತ್ತೇನೆ, ಮುಂದೆ ಹೊರಡುವುದಿಲ್ಲ. ಮೇಷ್ಟ್ರೇ, ನಿಮ್ಮ ಉಪಾಯ ಗೊತ್ತಾಗಿದೆ. ಆದರೂ ಕಥೆ ನಿಲ್ಲಿಸಬೇಡಿ.

ಎರಡನೆಯವರು ನಮ್ಮೂರ ಆಶಾ ಕಾರ್ಯಕರ್ತೆ. ಜನವರಿ ಕೊನೆಗೆ ಕಾಲು ಚೆನ್ನಾಗಿ ಬಲವಾಗಿತ್ತು. ಇವತ್ತು ಸೊಪ್ಪಿನಬೆಟ್ಟ ದಾಟಿಯೇ ಬಿಡುವುದು ಅಂತ ಹೊರಟೆ. ಮತ್ತಿ ಮರದ ಹತ್ತಿರ ಎದುರಿಗೇ ಸಿಕ್ಕಳು.

"ಅಣ್ಣಾ, ಆ ಕಡೆ ಹೆಜ್ಜೆ ಇಡಬೇಡಿ. ನಿನ್ನೆ ಒಂದು ಮಂಗ ಸತ್ತು ಬಿದ್ದಿತ್ತು."

ಇದು ಸುಮ್ನೆ ಹೆದರಿಸುವ ಮಾತಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಡಾಕ್ಟರುಗಳ ಪುಸ್ತಕದಲ್ಲಿ ಇವತ್ತಿಗೂ ಕಾಯಿಲೆಗೆ ಆ ಊರಿನದೇ ಹೆಸರು. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳು ಸುತ್ತಲಿನ ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ದರಕು ಗುಡಿಸಲು ಹೋದವರಿಗೆ, ಸೊಪ್ಪು ತರಲು ಹೋದವರಿಗೆ ಹತ್ತುವುದು ಹಾಗೆ. ಚಳಿಗಾಲದಿಂದ ಬೇಸಗೆ ಮುಗಿಯುವ ತನಕ ಅವುಗಳ ಕಾಲ. ಆಕೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ ಕೈಗಿಟ್ಟು, ಎಣ್ಣೆ ಹಚ್ಚಿಕೊಂಡರೂ ಕಾಡಿನ ಕಡೆ ಬೇಡ, ಏರಿ ಮೇಲಷ್ಟೇ ಅಂದಳು. ನಾನು ಗೊಣಗಿದೆ. ಎರಡು ದಿನ ಆಕೆಯ ಮೇಲೆ ಸಿಟ್ಟೂ ಇತ್ತು. ಮಳೆ ಬೀಳುವ ತನಕ, ಪೂರ್ತಿ ನಾಲ್ಕು ತಿಂಗಳು, ಏರಿಯ ಮೇಲೆ ಹೋಗುವುದು, ಬರುವುದು, ಗಾಣದ ಎತ್ತಿನ ಹಾಗೆ. ತಂಗಿ, ಆ ಗೊಣಗಾಟಕ್ಕೆ ಇಲ್ಲಿ ಎಲ್ಲರೆದುರು ತಪ್ಪಾಯಿತು ಅನ್ನುತ್ತೇನೆ. ಆ ಬೇಸಗೆಯಲ್ಲಿ ನೀನು ಎಷ್ಟು ಮನೆಯ ಬಾಗಿಲಿಗೆ ಆ ಬಾಟಲಿ ಹೊತ್ತು ಹೋದೆ ಅನ್ನುವುದನ್ನು ಮನೆ ಮನೆ ಸುತ್ತಿದ ನಾನು ಲೆಕ್ಕ ಹಾಕಬಲ್ಲೆ.

ಮಳೆ ಬಂತು, ಉಣುಗು ಹೋಯಿತು, ಇಂಬಳ ಬಂತು. ಇಂಬಳಕ್ಕೆ ನಾವು ಹೆದರುವವರಲ್ಲ. ಆದರೆ ಆಗಸ್ಟಿಗೆ ಕೆರೆ ತುಂಬಿ ಕೋಡಿ ಬಿತ್ತು.

ಮೂರನೆಯವರು ಕೋಡಿ ಹತ್ತಿರದ ಮನೆಯ ಅಕ್ಕ. ಈಕೆಗೆ ಮರ್ಯಾದೆಯಿಂದ ವಾಪಸ್ ಕಳಿಸುವುದು ಗೊತ್ತಿಲ್ಲ. ಅವತ್ತು ನಾನು ಎಡಗಡೆ ಬಿಟ್ಟು ಬಲಗಡೆಯಿಂದ ಹೊರಟಿದ್ದೆ. ಕೋಡಿಯಲ್ಲಿ ಮೊಣಕಾಲು ಮಟ್ಟದ ನೀರು. ಕೆಳಗೆ ಪಾಚಿ ಹಿಡಿದ ಜಂಬಿಟ್ಟಿಗೆ. ಕೋಲು ಊರಿ ಒಂದು ಕಾಲು ಇಟ್ಟಿದ್ದೆ. ಹಿಂದಿನಿಂದ ಹುಲ್ಲಿನ ಹೊರೆ ದೊಪ್ಪನೆ ಬಿದ್ದ ಸದ್ದು.

"ಪೋಸ್ಟಣ್ಣಾ! ಒಂದು ಕಾಲಿಗೆ ಕಬ್ಬಿಣ ಹಾಕಿಸ್ಕೊಂಡಿದ್ದು ಸಾಕಾಗ್ಲಿಲ್ವಾ? ಇನ್ನೊಂದಕ್ಕೂ ಬೇಕಾ? ಇತ್ಲಾಗೆ ಬನ್ನಿ ಮೊದ್ಲು!"

ಮುಂದಿನ ನಾಲ್ಕು ಮಾತು ಇಲ್ಲಿ ಬರೆಯುವಂಥದ್ದಲ್ಲ. ಕೈ ಹಿಡಿದು ಎಳೆದು, ತನ್ನ ಜಗಲಿಯ ಮೇಲೆ ಕೂರಿಸಿ, ಕಾಳುಮೆಣಸಿನ ಕಷಾಯ ಕುಡಿಸಿ, ನನ್ನ ಮನೆಗೆ ಫೋನ್ ಮಾಡಿ ಹೇಳಿಯೂ ಬಿಟ್ಟಳು. ಮನೆಯಲ್ಲಿ ಸಿಕ್ಕಿದ್ದು ಬೇರೆ. ಅಕ್ಕ, ನೀವು ಅವತ್ತು ಹುಲ್ಲು ಕೊಯ್ಯಲು ಬರದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಅಂತೂ ಅಕ್ಟೋಬರ್ ಬಂತು. ಕೋಡಿ ನಿಂತಿತು. ಯುವಕ ಸಂಘದವರು ಸೊಪ್ಪಿನಬೆಟ್ಟದ ದಾರಿ ಸವರಿದ್ದರು. ಮೊನ್ನೆ ಬೆಳಿಗ್ಗೆ 7 ಗಂಟೆಗೆ ಹೊರಟೆ, ಮೊಮ್ಮಗ ಜೊತೆಗೆ. ಮಂಜು ಇನ್ನೂ ನೀರಿನ ಮೇಲೇ ಇತ್ತು. ನೀರುಕಾಗೆಗಳು ಒಣಗಿದ ಮರದ ಮೇಲೆ ರೆಕ್ಕೆ ಬಿಚ್ಚಿ ಕೂತಿದ್ದವು. ಕೆರೆ ಅಂಚಿನ ಕೆಸರಿನಲ್ಲಿ ಎರಡು ಬಿಳಿ ಕೆಂಬರಲು. ಗುಡವಿ ಪಕ್ಷಿಧಾಮಕ್ಕೆ ಹೋಗುವ ಬದಲು ದಾರಿ ತಪ್ಪಿ ಬಂದವೋ ಏನೋ. ಬೀಟಿನ ದಿನಗಳಲ್ಲಿ ಇವುಗಳನ್ನು ನಾನು ನಿಂತು ನೋಡಿದವನಲ್ಲ. ನಿಧಾನ ನಡೆಯುವವನಿಗೆ ಜಾಸ್ತಿ ಕಾಣುತ್ತದೆ, ಬೇರೆ ದಾರಿ ಇಲ್ಲ.

ನನಗೆ ಭಯ ಇದ್ದದ್ದು ತಡಮೆಗಳದ್ದು. ದಣಪೆಯಾದರೆ ಗಳ ಸರಿಸಿ ದಾಟಬಹುದು. ತಡಮೆ ಹಾಗಲ್ಲ, ಹತ್ತಿಯೇ ಇಳಿಯಬೇಕು. ದನಕ್ಕೆ ದಾಟಲಾಗದ ಹಾಗೆ ಮಾಡಿದ್ದು ರಾಡು ಹಾಕಿದ ಕಾಲಿಗೂ ದಾಟಲಾಗದ ಹಾಗೇ ಇರುತ್ತದೆ. ಮೊದಲನೇ ತಡಮೆ ಹತ್ತಿರ ಹೋಗಿ ನೋಡುತ್ತೇನೆ, ಬುಡದಲ್ಲಿ ಒಂದು ಜಂಬಿಟ್ಟಿಗೆ ಕಲ್ಲು. ಮೆಟ್ಟಿಲಿನ ಹಾಗೆ. ಆಚೆ ಕಡೆಯೂ ಒಂದು. ಹಿಂದೆ ಇರಲಿಲ್ಲ. ಯಾರೋ ಇಟ್ಟಿರಬೇಕು ಅಂತ ದಾಟಿದೆ. ಎರಡನೇ ತಡಮೆಗೂ ಎರಡು ಕಲ್ಲು. ಮೂರನೆಯದಕ್ಕೂ. ಒಟ್ಟು ಆರು. ಕೈಗೆ ಹಿಡಿದುಕೊಳ್ಳಲು ಕಾಲುಸಂಕಕ್ಕೆ ಒಂದು ಹೊಸ ಬಿದಿರಿನ ಗಳವನ್ನೂ ಕಟ್ಟಿದ್ದರು. ಜಂಬಿಟ್ಟಿಗೆ ಕಲ್ಲು ಎಷ್ಟು ಭಾರ ಅಂತ ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ಅಲ್ಲಿಗೆ ಗಾಡಿ ಹೋಗುವುದಿಲ್ಲ. ತಲೆ ಮೇಲೆ ಹೊತ್ತೇ ತಂದಿರಬೇಕು.

ಹಿಂಗೆರೆಯ ಮನೆಯ ಅಜ್ಜಿ ಜಗಲಿಯ ಮೇಲೆ ಕವಳ ಹಾಕುತ್ತ ಕೂತಿದ್ದರು. ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಹಿಂದೆ ಮುಂಬೈಯಿಂದ ಅವರ ಮಗನ ಮನಿಯಾರ್ಡರ್ ಬರುತ್ತಿತ್ತು, ಜೊತೆಗಿನ ನಾಲ್ಕು ಸಾಲನ್ನು ನಾನೇ ಓದಿ ಹೇಳಬೇಕಿತ್ತು. ಕೋಲಿನ ಸದ್ದಿಗೆ ತಲೆ ಎತ್ತಿದರು.

"ಯಾರು, ಪೋಸ್ಟಾ? ಏನಾದ್ರೂ ಬಂದಿದ್ಯಾ?"

"ಇಲ್ಲ ಅಮ್ಮ, ಇವತ್ತು ಬರಿಗೈಲಿ ಬಂದೆ."

"ಮತ್ತೆ ಇಷ್ಟು ದಿನ ಎಲ್ಲಿ ಹೋಗಿದ್ದೆ?" ಅಂದರು. ಉತ್ತರ ಹೇಳಲು ಹೊರಟರೆ ಮಜ್ಜಿಗೆ ಬಂತು. ಅಲ್ಲಿಗೆ ಸರಿಯಾಗಿ ಅರ್ಧ ದಾರಿ. ಕಾಲಿಗೆ ನೋವಿರಲಿಲ್ಲ.

ಉಳಿದರ್ಧ ಬೇಗ ಮುಗಿಯಿತು. ಏರಿಯ ಮೇಲೆ ನಮ್ಮವಳು ನಿಂತಿದ್ದಳು. ಇಡೀ 15 ತಿಂಗಳಲ್ಲಿ ಆಕೆ ಹೊತ್ತದ್ದು ಎಷ್ಟು ಅಂತ ಇಲ್ಲಿ ಬರೆದರೆ ಆಕೆಗೆ ಸೇರುವುದಿಲ್ಲ. "ದೋಸೆ ಆರಿ ಹೋಯ್ತು" ಅಂದಳು, ಅಷ್ಟೇ.

ಆ ಆರು ಕಲ್ಲು ಇಟ್ಟವರು ಯಾರು ಅಂತ ನಾಲ್ಕು ದಿನದಿಂದ ಕೇಳುತ್ತಿದ್ದೇನೆ. ಕುರ್ಚಿ ಹೊತ್ತ ಹುಡುಗರು ನಾವಲ್ಲ ಅನ್ನುತ್ತಾರೆ. ಯುವಕ ಸಂಘದವರು ದಾರಿ ಸವರಿದ್ದಷ್ಟೇ ನಾವು ಅನ್ನುತ್ತಾರೆ. ಕೋಡಿಯ ಅಕ್ಕ ನನ್ನನ್ನೇ ಬೈದಳು. ಇದನ್ನು ಓದುತ್ತಿರುವ ನಿಮ್ಮಲ್ಲೇ ಯಾರೋ ಇದ್ದೀರಿ. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಬೇಡ. ಆದರೆ ಮೂರನೇ ತಡಮೆಯ ಆಚೆ ಕಡೆಯ ಕಲ್ಲು ಸ್ವಲ್ಪ ಅಲ್ಲಾಡುತ್ತಿದೆ. ಬಂದು ಅಡಿಗೊಂದು ಚಿಪ್ಪುಕಲ್ಲು ಸಿಕ್ಕಿಸಿ ಹೋಗಿ. ಭಾನುವಾರ ಬೆಳಿಗ್ಗೆ 8ರ ಹೊತ್ತಿಗೆ ನಾನು ಅಲ್ಲೇ ಇರುತ್ತೇನೆ.